ಒಗ್ಗೂಡಿಸೋದು ಅಂದ್ರೆ ಕರಗಿಸೋದಲ್ಲ: ಯೂಸ್‌ನೆಟ್ ಕಾಲದ ಒಂದು ಪಾಠ

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಫೋನುಗಳಲ್ಲಿ ಎಷ್ಟು ಗುಂಪುಗಳಿವೆ, ಎಣಿಸಿ ನೋಡಿ. ಹಾಸ್ಟೆಲ್ ಹುಡುಗರದ್ದೊಂದು, ಪೌರಕಾರ್ಮಿಕರದ್ದೊಂದು, ಭೂಮಿ ಹೋರಾಟದ್ದೊಂದು, ಏಪ್ರಿಲ್ 14ಕ್ಕೆ ಅಂತ ಮಾಡಿ ಹಾಗೇ ಉಳಿದುಬಿಟ್ಟದ್ದೊಂದು. ಒಂದರಲ್ಲಿ ಬಂದ ಸುದ್ದಿ ಇನ್ನೊಂದಕ್ಕೆ ಗೊತ್ತೇ ಇರಲ್ಲ. ಆಗ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: "ಎಲ್ಲಾ ಮುಚ್ಚಿ ಒಂದೇ ಗುಂಪು ಮಾಡೋಣ." ಅಲ್ಲಿಂದ ಜಗಳ ಶುರು. ಅಡ್ಮಿನ್ ಯಾರು? ಹೆಸರು ಯಾವುದು? ಯಾರು ಯಾರೊಳಗೆ ಸೇರಬೇಕು?

ಈ ತಾಪತ್ರಯ ಹೊಸದಲ್ಲ. ವಾಟ್ಸಾಪ್, ಫೇಸ್‌ಬುಕ್ ಹುಟ್ಟೋಕೆ ಎಷ್ಟೋ ಮೊದಲು ಯೂಸ್‌ನೆಟ್ ಅನ್ನೋ ಜಾಲದಲ್ಲಿ ಇದೇ ಪ್ರಶ್ನೆ ಎದ್ದಿತ್ತು.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಇದನ್ನ ಯೋಚಿಸಿದ್ರು. ಪಕ್ಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಮೊದಲ ಪ್ರೋಗ್ರಾಂ ಬರೆದ್ರು. ಒಂದು ಕಂಪ್ಯೂಟರು ಇನ್ನೊಂದಕ್ಕೆ ಫೋನ್ ಮಾಡಿ, ತನ್ನಲ್ಲಿದ್ದ ಹೊಸ ಬರಹಗಳನ್ನ ದಾಟಿಸ್ತಿತ್ತು. ಅದಕ್ಕೆ ಒಬ್ಬ ಮಾಲೀಕ ಅಂತ ಇರ್ಲಿಲ್ಲ. ವಿಷಯಕ್ಕೊಂದು ಚರ್ಚಾ ಗುಂಪು. ಮೊದಲು ಬೆರಳೆಣಿಕೆಯಷ್ಟಿದ್ದ ಗುಂಪುಗಳು ಆಮೇಲೆ ಸಾವಿರಾರಾದ್ವು.

ಗುಂಪು ಹೆಚ್ಚಿದಂಗೆ ಅದನ್ನ ಜೋಡಿಸಿಡೋರು ಯಾರು ಅನ್ನೋ ಪ್ರಶ್ನೆ ಬಂತು. ಎರಡು ಉತ್ತರ ಬಂದ್ವು, ಒಂದು ಮೇಲಿಂದ, ಒಂದು ಕೆಳಗಿಂದ.

ಮೇಲಿಂದ ಬಂದ ಉತ್ತರಕ್ಕೆ 'ಮಹಾ ಮರುನಾಮಕರಣ' ಅಂತಾರೆ. ದೊಡ್ಡ ಕಂಪ್ಯೂಟರುಗಳನ್ನ ನೋಡ್ಕೊಳ್ತಿದ್ದ ಕೆಲವೇ ಆಡಳಿತಗಾರರು ಇದ್ರು. ಜನ ಅವರನ್ನ 'ಬ್ಯಾಕ್‌ಬೋನ್ ಕಬಾಲ್' ಅಂತ ಕರೀತಿದ್ರು, ಅಂದ್ರೆ ಬೆನ್ನೆಲುಬಿನ ಒಳಕೂಟ. 1986-87ರಲ್ಲಿ ಅವರು ಎಲ್ಲಾ ಗುಂಪುಗಳ ಹೆಸರು ಬದಲಿಸಿ ಏಳು ವಿಭಾಗಕ್ಕೆ ಹಂಚಿದ್ರು. ಕಂಪ್ಯೂಟರಿನದ್ದು 'ಕಾಂಪ್', ವಿಜ್ಞಾನದ್ದು 'ಸೈ', ಸಮಾಜದ್ದು 'ಸಾಕ್', ಹೀಗೆ. ಬಿಸಿಬಿಸಿ ವಾದದ ಗುಂಪುಗಳನ್ನ 'ಟಾಕ್' ಅನ್ನೋ ವಿಭಾಗಕ್ಕೆ ಹಾಕಿದ್ರು. ಯಾಕೆ? ಸಮುದ್ರ ದಾಟಿ ಬರೋ ಬರಹಕ್ಕೆ ಯುರೋಪಿನವರು ಫೋನ್ ಬಿಲ್ ಕಟ್ಟಬೇಕಿತ್ತು, ಇಂಥ ಜಗಳಕ್ಕೆ ದುಡ್ಡು ಕೊಡೋಕೆ ಅವರಿಗೆ ಮನಸ್ಸಿರ್ಲಿಲ್ಲ. ಒಂದೇ ಹಣೆಪಟ್ಟಿ ಅಂಟಿಸಿದ್ರೆ ಒಟ್ಟಿಗೇ ಕೈಬಿಡೋದು ಸುಲಭ.

ನೋಡಿ, ಹೆಸರಿಡೋದು ಅಂದ್ರೆ ಬರೀ ಹೆಸರಿಡೋದಲ್ಲ. ಯಾರು ಊರೊಳಗೆ, ಯಾರು ಊರಾಚೆ ಅನ್ನೋದೂ ಅಲ್ಲೇ ತೀರ್ಮಾನ ಆಗುತ್ತೆ. ಇದನ್ನ ನಮಗೆ ಬೇರೆಯವರು ಬಿಡಿಸಿ ಹೇಳ್ಬೇಕಾ?

ಇದನ್ನ ಒಪ್ಪದ ಬ್ರಯನ್ ರೀಡ್, ಜಾನ್ ಗಿಲ್ಮೋರ್, ಗಾರ್ಡನ್ ಮಾಫೆಟ್ 1987ರಲ್ಲೇ ಒಳಕೂಟದ ಅಪ್ಪಣೆ ಬೇಡದ 'ಆಲ್ಟ್' ಅನ್ನೋ ಬೇರೆ ವಿಭಾಗ ಶುರು ಮಾಡಿದ್ರು. ಅದು ಭಾರೀ ಬೆಳೀತು.

ಇನ್ನು ಕೆಳಗಿನ ಉತ್ತರ. ಇದು ಬಂದದ್ದು ಓದುಗರ ಕಡೆಯಿಂದ, ನ್ಯೂಸ್‌ರೀಡರ್ ಅನ್ನೋ ಓದುವ ತಂತ್ರಾಂಶದ ಮೂಲಕ.

1984ರಲ್ಲಿ ಲ್ಯಾರಿ ವಾಲ್ ಬರೆದ 'ಆರ್‌ಎನ್' ಒಂದು ಗುಂಪು ಮುಗಿಸಿ ಇನ್ನೊಂದಕ್ಕೆ ಕರ್ಕೊಂಡು ಹೋಗ್ತಿತ್ತು. ನೀವು ಯಾವ ಗುಂಪು ಓದ್ತೀರಿ, ಎಲ್ಲೀತನಕ ಓದಿದ್ದೀರಿ ಅನ್ನೋ ಲೆಕ್ಕ ನಿಮ್ಮದೇ ಒಂದು ಸಣ್ಣ ಕಡತದಲ್ಲಿ ಇರ್ತಿತ್ತು. ಡೆನ್ಮಾರ್ಕಿನ ಕಿಮ್ ಸ್ಟಾರ್ಮ್ ಮಾಡಿದ 'ಎನ್‌ಎನ್' ಒಂದು ಹೆಜ್ಜೆ ಮುಂದೆ ಹೋಯ್ತು: ಬೇಕಾದ ಹಲವು ಗುಂಪುಗಳನ್ನ ಬೆರೆಸಿ ಒಂದೇ ಪಟ್ಟಿಯಾಗಿ ತೋರಿಸು ಅಂತ ಹೇಳಬಹುದಿತ್ತು.

ಇದು ಪೂರ್ತಿ ಹದಕ್ಕೆ ಬಂದದ್ದು 'ಗ್ನೂಸ್' ತಂತ್ರಾಂಶದಲ್ಲಿ. ಜಪಾನಿನ ಮಸನೊಬು ಉಮೆದ ಇದನ್ನ ಶುರು ಮಾಡಿದ್ರು. 90ರ ದಶಕದ ನಡುವೆ ನಾರ್ವೆಯ ಲಾರ್ಸ್ ಮ್ಯಾಗ್ನೆ ಇಂಗೆಬ್ರಿಗ್ಟ್ಸನ್ ಮೊದಲಿಂದ ಮತ್ತೆ ಬರೆದ್ರು. ಅದರಲ್ಲೊಂದು ಸೌಲಭ್ಯ, ವರ್ಚುವಲ್ ಗ್ರೂಪ್. ಸಣ್ಣಸಣ್ಣ ಗುಂಪುಗಳನ್ನ ಸೇರಿಸಿ ನಿಮಗೋಸ್ಕರ ಒಂದು ದೊಡ್ಡ ಗುಂಪು ಕಟ್ಕೋಬಹುದು. ಬೇರೆಬೇರೆ ಸರ್ವರಿನ ಗುಂಪುಗಳಾದ್ರೂ ಸೈ.

ಅದು ಕೆಲಸ ಮಾಡೋ ರೀತಿ ಸ್ವಲ್ಪ ಗಮನ ಇಟ್ಟು ಕೇಳಿ, ನನ್ನ ಮಾತಿನ ತಿರುಳು ಇರೋದೇ ಇಲ್ಲಿ. ಪ್ರತಿ ಗುಂಪಲ್ಲೂ ಬರಹಗಳಿಗೆ ತಮ್ಮದೇ ಕ್ರಮಸಂಖ್ಯೆ ಇರುತ್ತೆ. ಈ ಗುಂಪಿನ 500 ಬೇರೆ, ಆ ಗುಂಪಿನ 500 ಬೇರೆ. ಬೆರೆಸಿದಾಗ ಗ್ನೂಸ್ ಹೊಸ ಸಂಖ್ಯೆ ಕೊಡುತ್ತೆ, ಆದರೆ ಇದು ಯಾವ ಗುಂಪಿಂದ ಬಂತು, ಅಲ್ಲಿ ಇದರ ಸಂಖ್ಯೆ ಎಷ್ಟು ಅನ್ನೋದನ್ನ ಮರೆಯಲ್ಲ. ಇಲ್ಲಿ ಒಂದು ಬರಹಕ್ಕೆ ಗುರುತು ಹಾಕಿದ್ರೆ ಆ ಗುರುತು ಮೂಲ ಗುಂಪಲ್ಲೂ ಕಾಣುತ್ತೆ. ಉತ್ತರ ಬರೆದ್ರೆ ಅದು ಬರಹ ಹುಟ್ಟಿದ ಗುಂಪಿಗೇ ಹೋಗುತ್ತೆ. ಮೂಲ ಗುಂಪು ಮುಚ್ಚಲ್ಲ, ಹೆಸರು ಕಳ್ಕೊಳಲ್ಲ. ಬೆರೆತದ್ದು ನೋಟ ಮಾತ್ರ, ಮನೆಗಳಲ್ಲ.

ಇದರಲ್ಲಿ ತೊಡಕಿಲ್ಲ ಅಂತಲ್ಲ. ಸಣ್ಣ ಗುಂಪುಗಳು ಬೇಜಾರಾಗಿ ದೊಡ್ಡದು ಕಟ್ಕೊಂಡೋರು ಆಮೇಲೆ ದೊಡ್ಡದೇ ಬೇಜಾರು ಅಂತಾರೆ. ಗ್ನೂಸ್ ಕೈಪಿಡಿಯೇ ಇದನ್ನ ಹೇಳಿ ನಗುತ್ತೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಯೂಸ್‌ನೆಟ್‌ನಲ್ಲಿ ಭಾರತೀಯರಿಗೂ 'ಸಾಕ್.ಕಲ್ಚರ್.ಇಂಡಿಯನ್' ಅಂತ ಗುಂಪಿತ್ತು. ಆದರೆ ಅಲ್ಲಿ ಬರೆಯೋಕೆ ವಿಶ್ವವಿದ್ಯಾಲಯದ್ದೋ ಕಂಪನಿಯದ್ದೋ ಕಂಪ್ಯೂಟರ್ ಬೇಕಿತ್ತು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ಅಂತ ಕೊಟ್ಟದ್ದೇ 1995ರ ಆಗಸ್ಟ್ 15ರಂದು, ಅದೂ ದುಡ್ಡಿದ್ದೋರಿಗೆ. ನಮ್ಮ ಕೇರಿಗಳಿಗೆ ಆಗ ಫೋನ್ ಲೈನೇ ಬಂದಿರ್ಲಿಲ್ಲ. ಇರೋ ಗುಂಪುಗಳನ್ನ ಎಷ್ಟು ಚೆನ್ನಾಗಿ ಬೆರೆಸಿದ್ರೂ ಇಲ್ಲದ ದನಿ ಕೇಳಿಸಲ್ಲ. ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಶುರು ಮಾಡಿದ್ದು ಯಾಕೆ ಅಂತ ನೆನಪಿಸ್ಕೊಳ್ಳಿ. ದನಿ ಮೊದಲು, ಜೋಡಣೆ ಆಮೇಲೆ.

ಈಗೇನಾಗಿದೆ? ಫೇಸ್‌ಬುಕ್ 2006ರಲ್ಲಿ ನ್ಯೂಸ್ ಫೀಡ್ ತಂತು. ಅದೂ ಹಲವನ್ನ ಬೆರೆಸಿ ಒಂದೇ ನೋಟ ಮಾಡಿಕೊಡುತ್ತೆ. ಆದರೆ ಏನು ಮೇಲೆ ಬರಬೇಕು, ಏನು ಹೂತುಹೋಗಬೇಕು ಅನ್ನೋ ಲೆಕ್ಕ ಕಂಪನಿ ಕೈಲಿದೆ. 2022ರಲ್ಲಿ ವಾಟ್ಸಾಪ್ 'ಕಮ್ಯುನಿಟಿ' ತಂತು. ಗುಂಪುಗಳು ಒಂದೇ ಸೂರಿನಡಿ ಬರ್ತವೆ ನಿಜ, ಸೂರು ಕಟ್ಟೋದು ಮಾತ್ರ ಅಡ್ಮಿನ್. ಓದುವವನಿಗೆ ತನ್ನ ನೋಟ ತಾನೇ ಕಟ್ಕೊಳ್ಳೋ ಪೂರ್ತಿ ಹಕ್ಕು ಎರಡರಲ್ಲೂ ಇಲ್ಲ. ಇತ್ತ ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿಯಲ್ಲಿ ಯೂಸ್‌ನೆಟ್ ಜೊತೆಗಿನ ನಂಟನ್ನೇ ಕಡಿದುಕೊಂಡಿತು.

ನಮಗೆ ಇದರಿಂದ ಏನು? ಸಂಘಟನೆ ಒಡೆದಾಗೆಲ್ಲಾ "ಎಲ್ಲರೂ ಒಂದಾಗಿ" ಅಂತಾರೆ. ಒಂದಾಗೋದು ಅಂದ್ರೆ ಸಣ್ಣವರು ದೊಡ್ಡವರೊಳಗೆ ಕರಗೋದು ಅಂತಲೇ ಅರ್ಥ ಮಾಡ್ಕೊಂಡಿದ್ದೀವಿ. ಹಾಗೆ ಕರಗೋರು ಯಾವಾಗ್ಲೂ ಹೆಣ್ಣುಮಕ್ಕಳ ಗುಂಪು, ಪೌರಕಾರ್ಮಿಕರ ಗುಂಪು, ಸಣ್ಣ ಸಮುದಾಯಗಳ ಗುಂಪು. ಇನ್ನೊಂದು ದಾರಿಯೂ ಇದೆ. ಪ್ರತಿ ಗುಂಪು ತನ್ನ ಹೆಸರಲ್ಲೇ ಇರಲಿ. ತಿಂಗಳಿಗೊಮ್ಮೆ ಎಲ್ಲರ ಸುದ್ದಿ ಒಂದೇ ಕಡೆ, ಯಾರದ್ದು ಅನ್ನೋ ಹೆಸರು ಅಳಿಸದೆ, ಓದೋಕೆ ಸಿಗಲಿ. ಉತ್ತರ, ಬೆಂಬಲ, ಹಣ ಹೋರಾಟ ಹುಟ್ಟಿದ ಜಾಗಕ್ಕೇ ಹೋಗಲಿ.

ನಿಮ್ಮ ತಾಲ್ಲೂಕಲ್ಲಿ ಇದನ್ನ ಹೇಗೆ ಮಾಡಬಹುದು? ಬರೀರಿ, ಮಾತಾಡೋಣ.

ಜೈಭೀಮ್.