ಬೇಡರ್ ಅವರ ಛಲ, ಸ್ಪಿಟ್‌ಫೈರ್‌ನ ಬ್ರೇಕು: ಒಂದು ಮರುಪರಿಶೀಲನೆ

ಎರಡೂ ಕಾಲು ಕಳೆದುಕೊಂಡ ಬ್ರಿಟಿಷ್ ಪೈಲಟ್ ಡಗ್ಲಸ್ ಬೇಡರ್ ಮತ್ತೆ ಯುದ್ಧವಿಮಾನ ಹಾರಿಸಿದ್ದು ಬರೀ ಛಲದ ಬಲದಿಂದ ಎಂಬ ಮಾತು ಪಾಲ್ ಬ್ರಿಕ್‌ಹಿಲ್ ಅವರ ‘ರೀಚ್ ಫಾರ್ ದ ಸ್ಕೈ’ (1954) ಕೃತಿಯಿಂದ ಬೇರುಬಿಟ್ಟು, 1956ರ ಚಲನಚಿತ್ರದಿಂದ ಮನೆಮಾತಾಯಿತು. ಆಮೇಲೆ ಬರೆದವರು ಅದನ್ನು ಪರೀಕ್ಷಿಸುವ ಗೋಜಿಗೇ ಹೋಗಲಿಲ್ಲ. ಈ ವಿವರಣೆಯನ್ನು ಅಲುಗಾಡಿಸುವ ಸಾಕ್ಷ್ಯಕ್ಕಾಗಿ ಪತ್ರಾಗಾರಗಳನ್ನು ಜಾಲಾಡಬೇಕಿಲ್ಲ, ಅದು ಬ್ರಿಕ್‌ಹಿಲ್ ಅವರ ಪುಸ್ತಕದಲ್ಲೇ ಇದೆ. ಅದನ್ನು ಅವರು ತಮಾಷೆಯ ಪ್ರಸಂಗವೆಂಬಂತೆ ಹೇಳಿ ಮುಂದೆ ಸಾಗಿದ್ದಾರೆ. ಅವರ ಹಿಂಬಾಲಕರು ಅಷ್ಟನ್ನೂ ಉಳಿಸಿಕೊಂಡಿಲ್ಲ.

ಪ್ರಸಂಗ 1939ರ ಅಕ್ಟೋಬರಿನದು. ವಾಯುಪಡೆಗೆ ಮರುನೇಮಕವಾಗುವ ಮುನ್ನ ಅಪೇವನ್‌ನ ಸೆಂಟ್ರಲ್ ಫ್ಲೈಯಿಂಗ್ ಸ್ಕೂಲಿನಲ್ಲಿ ಬೇಡರ್ ಹಾರಾಟದ ಪರೀಕ್ಷೆ ಕೊಡಬೇಕಿತ್ತು. ಕೊಟ್ಟ ವಿಮಾನ ಅಮೆರಿಕದ ಹಾರ್ವರ್ಡ್. ಅದರ ಬ್ರೇಕ್ ಇದ್ದದ್ದು ರಡ್ಡರ್ ಪೆಡಲಿನ ಮೇಲ್ತುದಿಯಲ್ಲಿ. ಪಾದವನ್ನು ಕೀಲಿನ ಬಳಿ ಬಾಗಿಸಿ ಬೆರಳ ತುದಿಯಿಂದ ಒತ್ತಬೇಕು. ಬಲಗಾಲು ಮಂಡಿಯ ಮೇಲಕ್ಕೆ, ಎಡಗಾಲು ಮಂಡಿಯ ಕೆಳಗೆ ಕತ್ತರಿಸಲ್ಪಟ್ಟು ಲೋಹದ ಕಾಲು ಧರಿಸಿದ್ದವರಿಗೆ ಇದು ಆಗದ ಮಾತು. ಬ್ರಿಕ್‌ಹಿಲ್ ಹೇಳುವಂತೆ, ಪರೀಕ್ಷಕ ರೂಪರ್ಟ್ ಲೀ ಬ್ರೇಕನ್ನು ತಾವೇ ನೋಡಿಕೊಂಡರು. ಅಂದರೆ ಛಲದ ಮಹಾಸಾಕ್ಷಿಯೆಂದು ಕೊಂಡಾಡುವ ಆ ಪರೀಕ್ಷೆಯಲ್ಲಿ ವಿಮಾನದ ಒಂದು ಕೆಲಸ ಬೇರೊಬ್ಬರ ಕಾಲಿನಿಂದ ನಡೆಯಿತು. ಬೇಡರ್ ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಇದರ ನಿಜವಾದ ಮಹತ್ವ ಮುಂದಿನ ವರ್ಷ ಅವರ ಕೈಗೆ ಬಂದ ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್‌ನಲ್ಲಿದೆ. ಅದರ ಕಂಟ್ರೋಲ್ ಸ್ಟಿಕ್‌ನ ತುದಿಯಲ್ಲಿ ಬಳೆಯಾಕಾರದ ಹಿಡಿ. ಹಿಡಿಗೆ ಅಂಟಿಕೊಂಡೇ ಬ್ರೇಕಿನ ಸನ್ನೆ. ಬೆರಳಲ್ಲಿ ಅದನ್ನು ಅದುಮಿದರೆ ಒತ್ತಡದ ಗಾಳಿ ಚಕ್ರಗಳ ಬ್ರೇಕಿಗೆ ನುಗ್ಗುತ್ತದೆ. ಅದು ಎಡಚಕ್ರಕ್ಕೆಷ್ಟು, ಬಲಕ್ಕೆಷ್ಟು ಎಂಬುದನ್ನು ರಡ್ಡರ್ ಪೆಡಲುಗಳ ಸ್ಥಾನ ನಿರ್ಧರಿಸುತ್ತದೆ. ಪೆಡಲನ್ನು ತೊಡೆಯ ಬಲದಿಂದಲೇ ನೂಕಬಹುದು, ಪಾದದ ಕೀಲು ಬಾಗಲೇಬೇಕೆಂದಿಲ್ಲ. ಅಂಗವಿಕಲ ಪೈಲಟ್ ಒಬ್ಬರನ್ನು ನೆನೆದು ಬ್ರಿಟನ್ನಿನ ಎಂಜಿನಿಯರುಗಳು ಇದನ್ನು ಮಾಡಿರಲಿಲ್ಲ. ಅದು ಆ ದೇಶದ ವಿಮಾನಗಳ ವಾಡಿಕೆಯಾಗಿತ್ತು, ಅಷ್ಟೆ.

ಛಲವಿಲ್ಲದೆ ಇಷ್ಟು ದೂರ ಬರಲಾಗುತ್ತಿತ್ತೆ ಎಂಬ ಆಕ್ಷೇಪ ಬರುತ್ತದೆ. ಬರಲಾಗುತ್ತಿರಲಿಲ್ಲ, ನಿಜ. ಆದರೆ ಅಗತ್ಯವಾದ ಕಾರಣವೆಲ್ಲ ಸಾಕಾಗುವ ಕಾರಣವೂ ಆಗಬೇಕಿಲ್ಲ. ಇದಕ್ಕೆ 1932ರ ಘಟನೆಯೇ ಪುರಾವೆ. 1931ರ ಡಿಸೆಂಬರ್ 14ರಂದು ವುಡ್ಲಿಯಲ್ಲಿ ಅಪಘಾತವಾದ ಮರುವರ್ಷವೇ ಬೇಡರ್ ಚಕ್ರಕ್ಕೆ ಬ್ರೇಕೇ ಇಲ್ಲದ ಅವ್ರೋ 504 ಹಾರಿಸಿದರು; ಸೆಂಟ್ರಲ್ ಫ್ಲೈಯಿಂಗ್ ಸ್ಕೂಲ್ ಅವರನ್ನು ಸಮರ್ಥರೆಂದೇ ಒಪ್ಪಿತು. ಆದರೂ ವೈದ್ಯಕೀಯ ಮಂಡಳಿ, ಇಂಥವರಿಗೆ ನಿಯಮಗಳಲ್ಲಿ ಅವಕಾಶವಿಲ್ಲವೆಂದು ತಳ್ಳಿಹಾಕಿತು. 1932ರಲ್ಲಿ ಛಲಕ್ಕೆ ಬರವಿತ್ತೆ? ಕೌಶಲಕ್ಕೆ ಕೊರತೆಯಿತ್ತೆ? 1939ರ ಹೊತ್ತಿಗೆ ಬದಲಾದದ್ದು ಸರ್ಕಾರದ ಅಗತ್ಯ. ಯುದ್ಧಕ್ಕೆ ಪೈಲಟುಗಳು ಬೇಕಾಗಿದ್ದರು. ಎರಡೂ ಸಲ ಇದ್ದ ಛಲ ಒಂದು ಸಲದ ಸೋಲಿಗೂ ಇನ್ನೊಂದು ಸಲದ ಗೆಲುವಿಗೂ ಕಾರಣವಾಗಲಾರದು ಎಂಬ ಸರಳ ತರ್ಕ ಜೀವನಚರಿತ್ರಕಾರರಿಗೆ ಹೊಳೆಯದಿರುವುದು ಸೋಜಿಗ.

ಸೋವಿಯತ್ ಪೈಲಟ್ ಅಲೆಕ್ಸೆಯ್ ಮರೇಸ್ಯೆವ್ ಅವರನ್ನು ಮುಂದೊಡ್ಡಿ, ಬೇರೆ ದೇಶದ ಬೇರೆ ವಿಮಾನದಲ್ಲೂ ಇದೇ ಸಾಧನೆಯಾಯಿತಲ್ಲ ಎನ್ನುವವರಿದ್ದಾರೆ. ಈ ಉದಾಹರಣೆ ಅವರಿಗೇ ತಿರುಗುಬಾಣ. ಎರಡೂ ಕಾಲು ಕಳೆದುಕೊಂಡ ಮರೇಸ್ಯೆವ್ 1943ರಲ್ಲಿ ಹಾರಿಸಿದ ಲಾ-5ರಲ್ಲಿಯೂ ಬ್ರೇಕಿನ ಸನ್ನೆ ಸ್ಟಿಕ್ಕಿನ ಮೇಲೆಯೇ ಇತ್ತು. ಇಬ್ಬರಲ್ಲಿ ಯಾರಿಗಾದರೂ ಕಾಲ್ಬೆರಳಿನಿಂದ ಬ್ರೇಕ್ ಒತ್ತುವ ಅಮೆರಿಕದ ಮಸ್ಟಾಂಗ್ ಸಿಕ್ಕಿದ್ದರೆ, ವಿಮಾನವನ್ನು ಮಾರ್ಪಡಿಸದೆ ನೆಲದ ಮೇಲೆ ತಿರುಗಿಸುವುದೇ ಕಷ್ಟವಾಗುತ್ತಿತ್ತು. (ಬೋರಿಸ್ ಪೊಲೆವೊಯ್ 1946ರಲ್ಲಿ ಮರೇಸ್ಯೆವ್ ಕುರಿತು ಬರೆದದ್ದು ಕಾದಂಬರಿ, ಅದನ್ನು ದಾಖಲೆಯಂತೆ ಉಲ್ಲೇಖಿಸುವವರ ಜೊತೆ ವಾದಕ್ಕಿಳಿಯುವುದು ವ್ಯರ್ಥ.)

ಯುದ್ಧದ ಆಚೆಗೂ ಈ ವಾದ ನಿಲ್ಲುತ್ತದೆ ಎನ್ನಲು ಎರ್ಕೂಪ್ ಸಾಕು. ಫ್ರೆಡ್ ವೀಕ್ ರೂಪಿಸಿ 1937ರಲ್ಲಿ ಮೊದಲು ಹಾರಿದ ಈ ಪುಟ್ಟ ವಿಮಾನದಲ್ಲಿ ರಡ್ಡರನ್ನು ರೆಕ್ಕೆಯ ಏಲೆರಾನ್‌ಗಳ ಜೊತೆ ಜೋಡಿಸಿದ್ದರಿಂದ ರಡ್ಡರ್ ಪೆಡಲುಗಳೇ ಬೇಕಾಗಲಿಲ್ಲ. ವೀಕ್ ಅವರ ಗುರಿ ಹೊಸಬರು ವಿಮಾನವನ್ನು ಗಿರಕಿಗೆ ಬೀಳಿಸದಂತೆ ಮಾಡುವುದಾಗಿತ್ತು. ಆದರೆ ಹುಟ್ಟಿನಿಂದಲೇ ತೋಳಿಲ್ಲದ ಜೆಸಿಕಾ ಕಾಕ್ಸ್ 2008ರಲ್ಲಿ ಪೈಲಟ್ ಪರವಾನಗಿ ಪಡೆದದ್ದು ಇದೇ ವಿಮಾನದಲ್ಲಿ. ಪೆಡಲಿನಿಂದ ಬಿಡುಗಡೆಯಾದ ಕಾಲುಗಳಲ್ಲಿ ಒಂದು ಚುಕ್ಕಾಣಿ ಹಿಡಿಯಿತು, ಇನ್ನೊಂದು ಥ್ರಾಟಲ್ ನೋಡಿಕೊಂಡಿತು. ಬೇಡರ್ ನೆನಪಿನಲ್ಲಿ 1983ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಅಂಗವಿಕಲರ ಹಾರಾಟ ವಿದ್ಯಾರ್ಥಿವೇತನವೂ ಛಲದ ಉಪದೇಶದಿಂದ ನಡೆಯುವಂಥದ್ದಲ್ಲ. ಕಾಲಿನಿಂದ ಒತ್ತಲಾಗದವರಿಗೆ ರಡ್ಡರನ್ನು ಕೈಯಿಂದ ಆಡಿಸುವ ಸನ್ನೆ ಬೇಕೇ ಬೇಕು. ಆದ್ದರಿಂದ ಅಂಗವಿಕಲ ಪೈಲಟ್‌ನ ಚರಿತ್ರೆ ಬರೆಯುವವರು ಆತ ಯಾವ ವಿಮಾನ ಹಾರಿಸಿದ, ಅದರ ಬ್ರೇಕ್ ಎಲ್ಲಿತ್ತು ಎಂಬುದನ್ನು ಮೊದಲು ದಾಖಲಿಸಲಿ. ಅದಿಲ್ಲದೆ ಒಬ್ಬರ ಗೆಲುವನ್ನು ಛಲಕ್ಕೂ ಇನ್ನೊಬ್ಬರ ಸೋಲನ್ನು ಅಂಗವೈಕಲ್ಯಕ್ಕೂ ಕಟ್ಟುವುದಕ್ಕೆ ಆಧಾರವಿಲ್ಲ.