ಅಳಿಸಿದ್ದು ಅವರು, ಉಳಿಸಿದ್ದು ಮನೆಯವರು

ಒಂದು ಕಾಲದಲ್ಲಿ ವಿಡಿಯೊ ಟೇಪ್ ಅಂದ್ರೆ ಬಲು ದುಬಾರಿ. ಪ್ರಸಾರವಾದ ಕಾರ್ಯಕ್ರಮವನ್ನು ಅಳಿಸಿ, ಅದೇ ಟೇಪಿನ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡುತ್ತಿದ್ದರು. ಬ್ರಿಟನ್ನಿನ ಬಿಬಿಸಿ 1963ರಲ್ಲಿ ಶುರು ಮಾಡಿದ ‘ಡಾಕ್ಟರ್ ಹೂ’ ಧಾರಾವಾಹಿಗೂ ಇದೇ ಗತಿಯಾಯಿತು. ಹೊರದೇಶಗಳಿಗೆ ಕಳಿಸಿದ್ದ ಫಿಲ್ಮ್ ಪ್ರತಿಗಳಲ್ಲಿ ಒಂಬತ್ತು ಕಂತು ನೈಜೀರಿಯಾದಲ್ಲಿ ಸಿಕ್ಕ ಸುದ್ದಿ 2013ರಲ್ಲಿ ಬಂತು. ಆಗಲೂ ಸುಮಾರು ನೂರು ಕಂತುಗಳ ಚಿತ್ರ ಸಿಕ್ಕಿರಲಿಲ್ಲ. ಆದರೆ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಉಳಿಸಿದವರು ಯಾರು? ಮನೆಯಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ವೀಕ್ಷಕರು.

1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿಯ ವಿಎಚ್‌ಎಸ್ ಬಂದವು. ಚಿತ್ರವನ್ನೂ ಮನೆಯಲ್ಲೇ ಹಿಡಿದಿಡಬಹುದಾಯಿತು. ಅಮೆರಿಕದ ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬಾಕೆ 2012ರಲ್ಲಿ ತೀರಿಕೊಳ್ಳುವವರೆಗೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಗಲು ರಾತ್ರಿ ಟಿವಿ ಸುದ್ದಿ ರೆಕಾರ್ಡ್ ಮಾಡಿದರು. ಸುಮಾರು 70,000 ಕ್ಯಾಸೆಟ್!

ನಮ್ಮ ಕಡೆ ಎಷ್ಟೋ ಮನೆಗಳಿಗೆ ವಿಸಿಆರ್ ತಂದವರು ಇಲ್ಲಿ ಗಲ್ಫಿನಲ್ಲಿ ದುಡಿದ ಹಿರಿಯರೇ. ದೂರದರ್ಶನದ ಹಳೇ ಕಾರ್ಯಕ್ರಮ ಹಿಡಿದ ಕ್ಯಾಸೆಟ್ಟು ನಿಮ್ಮನೆ ಅಟ್ಟದ ಮೇಲೂ ಇರಬಹುದು. ಎಲೆಕ್ಟ್ರಿಷಿಯನ್ ಆಗಿ ಒಂದು ಮಾತು ಹೇಳ್ತೀನಿ: ಟೇಪ್ ಗಟ್ಟಿ ಇದ್ದರೂ ಅದನ್ನು ಓಡಿಸೋ ಯಂತ್ರ ಬೇಕಲ್ಲ. ಜಪಾನಿನ ಫುನೈ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಕೊನೆಗೆ ಉಳಿದಿದ್ದದ್ದು ಅದೊಂದೇ. ಹಳೇ ಯಂತ್ರಗಳ ರಬ್ಬರ್ ಬೆಲ್ಟ್ ಸಡಿಲವಾಗುತ್ತೆ, ಹೆಡ್ ಸವೆಯುತ್ತೆ. ಬೂಷ್ಟು ಹಿಡಿದ ಟೇಪನ್ನು ಹಾಗೇ ಹಾಕಬೇಡಿ, ಅದು ಹೆಡ್ಡಿಗೂ ಅಂಟುತ್ತೆ. ಈ ಸಲ ರಜೆಗೆ ಹೋದಾಗ ಕ್ಯಾಸೆಟ್ಟುಗಳನ್ನು ಕೆಳಗಿಳಿಸಿ, ಓಡುವ ಯಂತ್ರ ಸಿಗುವ ಕಾಲದಲ್ಲೇ ಕಂಪ್ಯೂಟರಿಗೆ ಹಾಕಿಸಿಡಿ.