ದಂಡಿನ ಲಾರಿಯೂ ಅದರ ಸಾರಥಿಯೂ

1944ನೆಯ ಇಸವಿ ಆಗಸ್ಟ್ 25ರಂದು ಪ್ಯಾರಿಸ್ ನಗರ ಜರ್ಮನರ ಹಿಡಿತದಿಂದ ಬಿಡುಗಡೆಯಾಯಿತು. ಬೀದಿಬೀದಿಯಲ್ಲಿ ಹೂಮಳೆ, ಹಾಡು, ಕಣ್ಣೀರು. ಆ ದಿನದ ಚಿತ್ರಗಳನ್ನು ನೋಡದವರು ವಿರಳ. ಅದೇ ದಿನ, ಅಲ್ಲಿಂದ ದೂರ ಪಶ್ಚಿಮಕ್ಕೆ, ನಾರ್ಮಂಡಿ ಪ್ರಾಂತದ ಧೂಳು ತುಂಬಿದ ರಸ್ತೆಗಳಲ್ಲಿ ಇನ್ನೊಂದು ಕಾರ್ಯ ಆರಂಭವಾಯಿತು. ಅಲ್ಲಿ ಹೂಮಳೆ ಇರಲಿಲ್ಲ, ಹಾಡೂ ಇರಲಿಲ್ಲ. ಸಾಲುಸಾಲಾಗಿ ಲಾರಿಗಳು ಹೊರಟವು, ಅಷ್ಟೆ. ಆದರೆ ಆ ಲಾರಿಗಳು ಹೊರಡದೆ ಹೋಗಿದ್ದರೆ ಪ್ಯಾರಿಸಿನಿಂದ ಮುಂದಕ್ಕೆ ಸಾಗಿದ ಸೈನ್ಯಗಳಿಗೆ ಅನ್ನವೂ ಇರುತ್ತಿರಲಿಲ್ಲ, ಮದ್ದುಗುಂಡೂ ಇರುತ್ತಿರಲಿಲ್ಲ.

ಇದು ಹೇಗಾಯಿತೆಂದು ನೋಡೋಣ. ಜೂನ್ 6ರಂದು ಮಿತ್ರರಾಷ್ಟ್ರಗಳ ಪಡೆಗಳು ನಾರ್ಮಂಡಿಯ ಕಡಲತೀರದಲ್ಲಿ ಇಳಿಯುವ ಮುಂಚೆಯೇ ಅವರ ವಿಮಾನಗಳು ಫ್ರಾನ್ಸಿನ ರೈಲುದಾರಿಗಳನ್ನೂ ಸೇತುವೆಗಳನ್ನೂ ಬಾಂಬು ಹಾಕಿ ಕೆಡವಿದ್ದವು. ಶತ್ರುವಿಗೆ ಕುಮಕು ಬರಬಾರದೆಂಬುದು ಉದ್ದೇಶ. ಉದ್ದೇಶವೇನೋ ಕೈಗೂಡಿತು. ಆದರೆ ಮುಂದೆ ತಮ್ಮ ಸಾಮಾನನ್ನು ಸಾಗಿಸಬೇಕಾದಾಗ ಅವರಿಗೂ ರೈಲು ಇರಲಿಲ್ಲ! ಅಗಸ್ಟಿನಲ್ಲಿ ಜರ್ಮನ್ ಪಡೆಗಳು ಕುಸಿದಾಗ ಪ್ಯಾಟನ್ ಮತ್ತು ಹಾಜಸ್ ಸೇನಾನಿಗಳ ಸೈನ್ಯಗಳು ಯಾರೂ ಎಣಿಸದ ವೇಗದಲ್ಲಿ ಪೂರ್ವಕ್ಕೆ ನುಗ್ಗಿದವು. ಒಂದೊಂದು ಡಿವಿಜನ್ನಿಗೆ ದಿನಕ್ಕೆ ಸುಮಾರು 700 ಟನ್ ಸಾಮಗ್ರಿ ಬೇಕು. ಅಂಥ 28 ಡಿವಿಜನ್ನುಗಳು. ಸಾಮಗ್ರಿಯೆಲ್ಲ ಹಿಂದೆ, ಸಮುದ್ರತೀರದಲ್ಲಿ. ಪೆಟ್ರೋಲಿಲ್ಲದೆ ಟ್ಯಾಂಕುಗಳು ದಾರಿಯಲ್ಲೇ ನಿಂತುಬಿಡುವ ಹೊತ್ತು ಬಂದಿತ್ತು.

ಆಗ ಏರ್ಪಾಟಾದದ್ದು 'ರೆಡ್ ಬಾಲ್ ಎಕ್ಸ್‌ಪ್ರೆಸ್'. ಅಮೆರಿಕದ ರೈಲ್ವೆಯವರು ತುರ್ತಾಗಿ ಹೋಗಬೇಕಾದ ಸರಕನ್ನು 'ಕೆಂಪು ಚೆಂಡು' ಎಂದು ಕರೆಯುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಎರಡು ರಸ್ತೆಗಳನ್ನು ಗೊತ್ತುಮಾಡಿದರು: ತುಂಬಿದ ಲಾರಿ ಹೋಗಲು ಉತ್ತರದ ರಸ್ತೆ, ಬರಿದಾದ ಲಾರಿ ಹಿಂದಿರುಗಲು ದಕ್ಷಿಣದ ರಸ್ತೆ. ದಾರಿಯುದ್ದಕ್ಕೂ ಕೆಂಪು ವೃತ್ತದ ಗುರುತು. ಬೇರೆ ಯಾವ ಬಂಡಿಗೂ ಅಲ್ಲಿ ಪ್ರವೇಶವಿಲ್ಲ. ಗಂಟೆಗೆ 25 ಮೈಲಿಗಿಂತ ವೇಗ ಕೂಡದು, ಲಾರಿಗೂ ಲಾರಿಗೂ ನಡುವೆ 60 ಗಜ ಅಂತರವಿರಬೇಕು ಎಂದು ಕಟ್ಟಳೆ. ಕಟ್ಟಳೆ ಕಾಗದದಲ್ಲೇ ಉಳಿಯಿತು. ವೇಗವನ್ನು ತಡೆಯಲು ಎಂಜಿನ್ನಿಗೆ ಅಳವಡಿಸಿದ್ದ 'ಗವರ್ನರ್' ಎಂಬ ಸಾಧನವನ್ನು ಎಷ್ಟೋ ಮಂದಿ ಚಾಲಕರು ಬಿಚ್ಚಿ ಇಟ್ಟುಬಿಟ್ಟರು. ಎರಡೂವರೆ ಟನ್ನಿನ ಲಾರಿಗೆ ಅದರ ಇಮ್ಮಡಿ ಹೇರಿದರು. ಆಗಸ್ಟ್ 29ರ ಒಂದೇ ದಿನ 5,958 ವಾಹನಗಳು 12,342 ಟನ್ ಸಾಮಾನು ಸಾಗಿಸಿದವು. ನವೆಂಬರ್ 16ರಂದು ಈ ಸಾರಿಗೆ ಮುಗಿಯುವ ಹೊತ್ತಿಗೆ ನಾಲ್ಕು ಲಕ್ಷ ಟನ್ನಿಗೂ ಮೇಲೆ ಸರಕು ಆ ದಾರಿಯಲ್ಲಿ ಹೋಗಿತ್ತು.

ಇಷ್ಟೆಲ್ಲ ಹೊತ್ತ ಲಾರಿ ಯಾವುದು? ಬೇರೆ ಬೇರೆ ಬಗೆಯವೂ ಇದ್ದವು. ಆದರೆ ಮುಖ್ಯವಾದದ್ದು ಜಿ.ಎಂ.ಸಿ. ಕಂಪನಿಯ ಹತ್ತು ಗಾಲಿಯ ಲಾರಿ. ದಫ್ತರದಲ್ಲಿ ಅದರ ಹೆಸರು 'ಸಿ.ಸಿ.ಕೆ.ಡಬ್ಲ್ಯು.' ಮೊದಲ ಅಕ್ಷರ 1941ರ ವಿನ್ಯಾಸವೆಂದು ಹೇಳುತ್ತದೆ. ಎರಡನೆಯದು ಚಾಲಕನ ಕೋಣೆ ಎಂಜಿನ್ನಿನ ಹಿಂದೆ ಇದೆಯೆಂದು. ಮೂರನೆಯದು ಮುಂದಿನ ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಹೋಗುತ್ತದೆಂದು. ನಾಲ್ಕನೆಯದು ಹಿಂದೆ ಜೋಡಿ ಅಚ್ಚುಗಳಿವೆಯೆಂದು. ಸೈನಿಕರಿಗೆ ಈ ಜಾತಕವೆಲ್ಲ ಯಾಕೆ? ಅವರು ಅದನ್ನು 'ಜಿಮ್ಮಿ' ಎಂದು ಕೂಗಿದರು. ಆರು ಸಿಲಿಂಡರಿನ ಪೆಟ್ರೋಲು ಎಂಜಿನ್ನು, ಸುಮಾರು ನೂರು ಕುದುರೆಗಳ ಬಲ. ಇಂದಿನ ಒಂದು ಸಣ್ಣ ಕಾರಿಗೂ ಅಷ್ಟು ಬಲ ಇರುತ್ತದೆ. ಪರಮಾವಧಿ ವೇಗ ಗಂಟೆಗೆ 45 ಮೈಲಿ. 40 ಗ್ಯಾಲನ್ ಪೆಟ್ರೋಲು ಕುಡಿದರೆ 300 ಮೈಲಿ ನಡೆಯುತ್ತಿತ್ತು. ಉಕ್ಕನ್ನೂ ಹಡಗಿನಲ್ಲಿ ಜಾಗವನ್ನೂ ಉಳಿಸಬೇಕಾಗಿ ಬಂದಾಗ ಚಾಲಕನ ಕೋಣೆಯ ಉಕ್ಕಿನ ಚಾವಣಿಯನ್ನೇ ತೆಗೆದು ಕ್ಯಾನ್ವಾಸು ಹೊದಿಸಿದರು. ಅಂದವೆಂಬುದಿಲ್ಲ, ಸುಖವೆಂಬುದೂ ಇಲ್ಲ. ಆದರೆ ಸಾಮಾನ್ಯ ಮಿಸ್ತ್ರಿಯೊಬ್ಬ ರಸ್ತೆಯ ಬದಿಯಲ್ಲೇ ಬಿಚ್ಚಿ ಜೋಡಿಸಬಹುದಾದ ಯಂತ್ರ. ಇಂಥವು ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು.

ಲಾರಿಯ ಮಾತಾಯಿತು. ಇನ್ನು ಸಾರಥಿಯ ಮಾತು.

ನಮ್ಮ ಮಹಾಭಾರತದ ಕಥೆ ಬಲ್ಲವರಿಗೆ ಸಾರಥಿಯ ಮಹತ್ವವನ್ನು ಹೇಳಬೇಕಾಗಿಲ್ಲ. ಪಾರ್ಥನಿಗೆ ಕೃಷ್ಣ ಸಾರಥಿ. ಕರ್ಣನಿಗೆ ಶಲ್ಯ ಸಾರಥಿ. ಒಬ್ಬ ಗೆಲ್ಲಿಸಿದ, ಇನ್ನೊಬ್ಬ ನಡುಯುದ್ಧದಲ್ಲಿ ಇಳಿದು ನಡೆದ. ಸಾರಥಿಯ ಹೆಸರಿಲ್ಲದೆ ರಥದ ಕಥೆ ಇಲ್ಲ. ಆದರೆ ರೆಡ್ ಬಾಲ್ ದಾರಿಯ ಸಾರಥಿಗಳ ವಿಷಯ ಹಾಗಾಗಲಿಲ್ಲ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಆಫ್ರಿಕನ್ ಮೂಲದ ಅಮೆರಿಕನ್ನರು. ಆ ಕಾಲದ ಅಮೆರಿಕದ ಸೈನ್ಯದಲ್ಲಿ ಬಿಳಿಯರ ದಳಗಳು ಬೇರೆ, ಕಪ್ಪು ಜನರ ದಳಗಳು ಬೇರೆ. ಕಪ್ಪು ಸೈನಿಕರಲ್ಲಿ ಹೆಚ್ಚಿನವರಿಗೆ ಕೋವಿ ಹಿಡಿದು ಮುಂದಿನ ಸಾಲಿನಲ್ಲಿ ನಿಲ್ಲುವ ಅವಕಾಶವಿರಲಿಲ್ಲ. ಹೊರುವುದು, ಅಗೆಯುವುದು, ಲಾರಿ ನಡೆಸುವುದು, ಇವೇ ಅವರ ಪಾಲಿಗೆ ಬಂದ ಕೆಲಸಗಳು. ಪರದೇಶದ ಜನರ ಸ್ವಾತಂತ್ರ್ಯಕ್ಕಾಗಿ ಹಗಲಿರುಳು ದುಡಿದವರಿಗೆ ತಮ್ಮ ಸೈನ್ಯದಲ್ಲೇ ಸಮಾನತೆ ಇರಲಿಲ್ಲ!

ಆ ದುಡಿಮೆ ಎಂಥದು? ಹೋಗಿ ಬರುವ ಒಂದು ಸುತ್ತಿಗೆ ಎರಡು ದಿನಕ್ಕೂ ಹೆಚ್ಚು ಹಿಡಿಯುತ್ತಿತ್ತು. ಒಬ್ಬ ನಡೆಸುವಾಗ ಇನ್ನೊಬ್ಬ ಪಕ್ಕದಲ್ಲಿ ಕುಕ್ಕರಿಸಿ ತೂಕಡಿಸಬೇಕು. ಶತ್ರುವಿನ ವಿಮಾನಗಳ ಭಯವಿದ್ದ ಕಡೆ ರಾತ್ರಿ ದೀಪ ಹಾಕುವಂತಿಲ್ಲ. ಸೀಳುಗಂಡಿಯಿಂದ ಮಿಣುಕುವ 'ಬೆಕ್ಕಿನ ಕಣ್ಣು' ದೀಪವೊಂದೇ ಗತಿ. ಹಿಂದೆ ಐದೈದು ಗ್ಯಾಲನ್ನಿನ ಪೆಟ್ರೋಲು ಡಬ್ಬಗಳ ರಾಶಿ, ಇಲ್ಲವೇ ಫಿರಂಗಿ ಗುಂಡುಗಳು. ಮುಂದೆ ಹೋದ ಸೈನಿಕರು ತಿಂದು ಎಸೆದ ತಗಡಿನ ಡಬ್ಬಿಗಳು ಟೈರುಗಳನ್ನು ಸೀಳಿದವು. ನಿದ್ದೆಗೆಟ್ಟ ಕಣ್ಣಿನಿಂದ ಕಂದಕಕ್ಕೆ ಉರುಳಿದ ಲಾರಿಗಳು ಎಷ್ಟೋ. ಆದರೂ ಸಾಲು ತುಂಡಾಗಲಿಲ್ಲ.

ಈ ಕಥೆ ಫ್ರಾನ್ಸಿಗೆ ಮಾತ್ರ ಸೇರಿದ್ದಲ್ಲ, ನಮ್ಮ ದೇಶದ ಮಣ್ಣಿಗೂ ಸೇರಿದ್ದು. ಅಸ್ಸಾಮಿನ ಲೇಡೊ ಊರಿನಿಂದ ಬರ್ಮಾದ ಕಾಡುಗಳನ್ನು ಕಡಿದುಕೊಂಡು ಚೀನದ ಕುನ್ಮಿಂಗ್ ನಗರಕ್ಕೆ 1,079 ಮೈಲಿಯ ದಾರಿ ಸಿದ್ಧವಾದದ್ದು ಅದೇ ಯುದ್ಧದಲ್ಲಿ. ಮಳೆ, ಮಲೇರಿಯ, ಕುಸಿಯುವ ಗುಡ್ಡ. ಆ ಕೆಲಸದಲ್ಲಿದ್ದ ಸುಮಾರು 15,000 ಅಮೆರಿಕನ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನರು. ಅವರ ಜೊತೆಗೆ ಭಾರತದ ಮತ್ತು ಬರ್ಮಾದ ಸಾವಿರಾರು ಕೂಲಿಕಾರರು. 1945ರ ಜನವರಿ 12ರಂದು ಲೇಡೊದಿಂದ ಹೊರಟ 113 ವಾಹನಗಳ ಮೊದಲ ಸಾಲು ಫೆಬ್ರವರಿ 4ರಂದು ಕುನ್ಮಿಂಗನ್ನು ಮುಟ್ಟಿತು. ಆ ದಾರಿಗೆ ಸ್ಟಿಲ್‌ವೆಲ್ ಎಂಬ ಸೇನಾಪತಿಯ ಹೆಸರು ಬಂತು. ಸೇನಾಪತಿಯ ಹೆಸರು ರಸ್ತೆಗೆ ಉಳಿಯುತ್ತದೆ. ಕಲ್ಲು ಹೊತ್ತವನ ಹೆಸರು, ಲಾರಿ ನಡೆಸಿದವನ ಹೆಸರು ಎಲ್ಲಿ ಉಳಿಯುತ್ತದೆ?

ಯುದ್ಧ ಮುಗಿಯಿತು. ಲಾರಿಗಳ ಗತಿ ಏನಾಯಿತು? ಯುದ್ಧ ನಡೆದ ದೇಶಗಳಲ್ಲೆಲ್ಲ ಇಂಥ ವಾಹನಗಳು ಹರಾಜಿಗೆ ಬಂದವು. ನಮ್ಮಲ್ಲಿಯೂ 'ಡಿಸ್ಪೋಸಲ್' ಎಂಬ ಮಾತು ಹಿರಿಯರ ಬಾಯಲ್ಲಿ ಬಹುಕಾಲ ಓಡಾಡಿತು. ಗುಂಡು ಹೊತ್ತ ಲಾರಿ ಮರದ ದಿಮ್ಮಿ ಹೊತ್ತಿತು, ಹಾಲಿನ ಕ್ಯಾನು ಹೊತ್ತಿತು. ಜಿಮ್ಮಿಗಳು ಕೊರಿಯಾ ಯುದ್ಧದಲ್ಲಿಯೂ ದುಡಿದವು. ಫ್ರಾನ್ಸಿನ ಸೈನ್ಯ ಅವನ್ನು ದಶಕಗಳ ಕಾಲ ಬಿಡಲಿಲ್ಲ. ಇಂದು ಉಳಿದಿರುವ ಎಷ್ಟೋ ಲಾರಿಗಳು ಉಳಿದದ್ದು ಯಾರೋ ಪೂಜಿಸಿದ್ದರಿಂದಲ್ಲ, ಯಾರೋ ದುಡಿಸಿಕೊಂಡದ್ದರಿಂದ.

ಮುಂದೆ ಇವನ್ನು ಹುಡುಕಿ ತಂದು ಕಾಪಾಡುವ ಹವ್ಯಾಸ ಬೆಳೆಯಿತು. 1976ರಲ್ಲಿ ಅಮೆರಿಕದಲ್ಲಿ ಸೈನಿಕ ವಾಹನಗಳನ್ನು ಸಂರಕ್ಷಿಸುವವರದೇ ಒಂದು ಸಂಘ ಸ್ಥಾಪನೆಯಾಯಿತು. 1919ರಲ್ಲಿ ಅಮೆರಿಕದ ಸೈನ್ಯ ವಾಷಿಂಗ್ಟನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಲಾರಿಗಳ ಸಾಲೊಂದನ್ನು ಕಳಿಸಿ, ಕೆಸರಿನಲ್ಲಿ ಹೂತು, ಸೇತುವೆ ಮುರಿದು, 62 ದಿನದಲ್ಲಿ ಗುರಿ ಮುಟ್ಟಿತ್ತು. ಆ ಸಾಲಿನಲ್ಲಿ ವೀಕ್ಷಕನಾಗಿ ಹೋದ ತರುಣ ಅಧಿಕಾರಿಯೇ ಐಸೆನ್‌ಹೋವರ್. 1944ರಲ್ಲಿ ಫ್ರಾನ್ಸಿಗೆ ಇಳಿದ ಪಡೆಗಳ ಮಹಾದಂಡನಾಯಕ. ಆ ಪ್ರಯಾಣವನ್ನು ಸಂಘದವರು 2009ರಲ್ಲಿ ಹಳೆಯ ವಾಹನಗಳಲ್ಲಿ ಮತ್ತೆ ಮಾಡಿದರು. ನಾರ್ಮಂಡಿಯಲ್ಲಂತೂ ಜೂನ್ ತಿಂಗಳು ಬಂತೆಂದರೆ ಹಸಿರು ಬಣ್ಣದ, ಬಿಳಿ ನಕ್ಷತ್ರದ ಲಾರಿಗಳು ಹಳ್ಳಿಹಳ್ಳಿಯಲ್ಲಿ ಕಾಣುತ್ತವೆ.

ಇಲ್ಲೊಂದು ಜಿಜ್ಞಾಸೆ ಹುಟ್ಟುತ್ತದೆ. ಇಷ್ಟು ಹಳೆಯ ಯಂತ್ರವನ್ನು ರಸ್ತೆಗೆ ಇಳಿಸುವುದು ಸರಿಯೇ? ಓಡಿಸಿದಷ್ಟೂ ಸವೆಯುತ್ತದೆ. ಸವೆದ ಭಾಗಕ್ಕೆ ಹೊಸದನ್ನು ಹಾಕುತ್ತಾ ಹೋದರೆ ಕೊನೆಗೆ ಹಳೆಯ ಲಾರಿಯಲ್ಲಿ ಹಳೆಯದೇನು ಉಳಿಯುತ್ತದೆ? ಗಾಜಿನ ಕೋಣೆಯಲ್ಲಿ ನಿಲ್ಲಿಸುವುದೇ ಲೇಸಲ್ಲವೇ? ಹೀಗೆ ಕೇಳುವವರ ಮಾತಿನಲ್ಲಿ ಹುರುಳಿದೆ. ಆದರೆ ನಿಂತ ಲಾರಿಯೂ ಕೆಡುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕಾರ್ಬೊರೇಟರನ್ನು ಕಟ್ಟುತ್ತದೆ. ಬ್ರೇಕಿನ ಸಿಲಿಂಡರು ತುಕ್ಕು ಹಿಡಿದು ಬಿಗಿಯುತ್ತದೆ. ಟೈರು ಭಾರಕ್ಕೆ ಚಪ್ಪಟೆಯಾಗಿ ಬಿರಿಯುತ್ತದೆ. ಓಡಿಸುವವರಿಗೂ ತೊಂದರೆ ಇಲ್ಲದಿಲ್ಲ: ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಹಳೆಯ ರಬ್ಬರು ಕೊಳವೆಗಳನ್ನು ತಿನ್ನುವುದರಿಂದ ಅವನ್ನೆಲ್ಲ ಬದಲಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಲಾರಿಯ ಜೊತೆಗೆ ಅದನ್ನು ನಡೆಸುವ ವಿದ್ಯೆಯೂ ಉಳಿಯಬೇಕು. ಆ ಕಾಲದ ಭಾರದ ಲಾರಿಗಳಲ್ಲಿ ಗೇರು ತಾನಾಗಿ ಕೂಡುತ್ತಿರಲಿಲ್ಲ. ಕ್ಲಚ್ಚು ತುಳಿದು ಗೇರನ್ನು ಬಿಡಿಸಬೇಕು, ಕ್ಲಚ್ಚು ಬಿಡಬೇಕು, ಮತ್ತೆ ತುಳಿದು ಮುಂದಿನ ಗೇರಿಗೆ ಹಾಕಬೇಕು. ಇಳಿಗೇರಿಗೆ ಬರುವಾಗ ಈ ಎರಡು ತುಳಿತಗಳ ನಡುವೆ ಆಕ್ಸಿಲರೇಟರನ್ನು ಹದವಾಗಿ ಒತ್ತಿ ಎಂಜಿನ್ನಿನ ವೇಗವನ್ನು ಏರಿಸಬೇಕು. ಹದ ತಪ್ಪಿದರೆ ಹಲ್ಲಿಗೆ ಹಲ್ಲು ಕಡಿದು ಲಾರಿ ಬೈಯುತ್ತದೆ! ಇಳಿಜಾರಿನಲ್ಲಿ ಗೇರು ತಪ್ಪಿಸಿಕೊಂಡರಂತೂ ತುಂಬಿದ ಲಾರಿಯನ್ನು ಬರಿಯ ಬ್ರೇಕಿನಿಂದ ತಡೆಯುವುದು ಅಪಾಯದ ಕೆಲಸ. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಕಿವಿ, ಕಾಲು, ಅಂಗೈ ಕಲಿಯಬೇಕಾದ ವಿದ್ಯೆ. ಬಲ್ಲವನು ಪಕ್ಕದಲ್ಲಿ ಕುಳಿತು ಕಲಿಸಬೇಕು. ಕಲಿಸುವವನು ಹೋದ ಮೇಲೆ ಲಾರಿ ಉಳಿದರೂ ವೀಣೆ ಉಳಿದು ವೈಣಿಕ ಇಲ್ಲದಂತೆ.

ಅಂಥ ಲಾರಿಯನ್ನು ಒಂದು ಗಂಟೆ ನಡೆಸಿದವನಿಗೆ ತೋಳು ಸೋಲುತ್ತದೆ, ಎಡಗಾಲು ನಡುಗುತ್ತದೆ, ಕಿವಿ ಗುಂಯ್‌ಗುಡುತ್ತದೆ. ಆಗ ತಾನೇ ಅವನಿಗೆ ತಿಳಿಯುವುದು, ಎರಡು ದಿನ ನಿದ್ದೆಯಿಲ್ಲದೆ, ದೀಪವಿಲ್ಲದೆ, ಇಮ್ಮಡಿ ಭಾರ ಹೊತ್ತು ನಡೆಸಿದವನ ಪಾಡು ಏನೆಂದು. ಅಂಕಿಸಂಖ್ಯೆಗಳು ಹೇಳದ ಇತಿಹಾಸ ಅದು. ಹಳೆಯ ಲಾರಿಯನ್ನು ಓಡಿಸಬೇಕೆಂಬುದಕ್ಕೆ ನನಗೆ ಕಾಣುವ ಅತಿ ದೊಡ್ಡ ಕಾರಣ ಇದೇ. ಲಾರಿ ನಮ್ಮನ್ನು ಅದರ ಸಾರಥಿಯ ಬಳಿಗೆ ಒಯ್ಯಬೇಕು. ಒಯ್ಯದಿದ್ದರೆ ಅದು ಬರಿಯ ಉತ್ಸವಮೂರ್ತಿ.

ಈ ದಾರಿ ಬಹುಕಾಲ ಮುಚ್ಚಿಹೋಗಿತ್ತು. 1952ರಲ್ಲಿ ರೆಡ್ ಬಾಲ್ ಹೆಸರಿನಲ್ಲೇ ಒಂದು ಚಲನಚಿತ್ರ ಬಂತು. ತರುಣ ಸಿಡ್ನಿ ಪೊಯ್ಟಿಯೆ ಅದರಲ್ಲಿದ್ದರು. ಆದರೆ ಕಥೆಯ ನಾಯಕ ಒಬ್ಬ ಬಿಳಿಯ ಅಧಿಕಾರಿ. ಸೈನ್ಯದಲ್ಲಿ ಬಣ್ಣದ ಭೇದವನ್ನು ತೆಗೆಯಬೇಕೆಂದು ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ್ದು 1948ರ ಜುಲೈ 26ರಂದು. ಲಾರಿಯ ಚಾಸಿ ನಂಬರು ಹುಡುಕುವ, ಮೂಲ ಬಣ್ಣದ ಛಾಯೆಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಸಂರಕ್ಷಕರು ಅಷ್ಟೇ ಶ್ರದ್ಧೆಯಿಂದ ಆ ಲಾರಿಯನ್ನು ನಡೆಸಿದ ದಳ ಯಾವುದು, ಅದರಲ್ಲಿದ್ದ ಜನ ಯಾರು ಎಂದು ಹುಡುಕಿದಾಗಲೇ ಸಂರಕ್ಷಣೆ ಪೂರ್ಣವಾಗುವುದು. ಬಂಪರಿನ ಮೇಲೆ ಹೆಸರಾಂತ ಯುದ್ಧದಳದ ಗುರುತು ಬರೆಯುವುದು ಸುಲಭ. ಹೆಸರಿಲ್ಲದ ಸಾರಿಗೆ ದಳದ ಗುರುತು ಬರೆಯುವುದು ನ್ಯಾಯ.

ನಮ್ಮಲ್ಲಿಯೂ ಈ ಮಾತು ಯೋಚಿಸತಕ್ಕದ್ದೇ. 1959ರಿಂದ ಜಬಲ್ಪುರದಲ್ಲಿ ತಯಾರಾದ 'ಶಕ್ತಿಮಾನ್' ಲಾರಿಗಳು ದಶಕಗಳ ಕಾಲ ಹಿಮಾಲಯದ ದಾರಿಗಳಲ್ಲಿ ನಮ್ಮ ಜವಾನರಿಗೆ ಅನ್ನ, ಬಟ್ಟೆ, ಮದ್ದುಗುಂಡು ಒಯ್ದವು. ಅವುಗಳ ತಯಾರಿಕೆ ನಿಂತು ಬಹಳ ಕಾಲವಾಯಿತು. ಅವನ್ನು ನಡೆಸಿದ ಚಾಲಕರು ನಿವೃತ್ತರಾಗಿ ನಮ್ಮ ನಡುವೆಯೇ ಇದ್ದಾರೆ; ನಮ್ಮ ಊರಿನ ಜಗಲಿಯ ಮೇಲೆ ಕುಳಿತಿರುವ ಅಜ್ಜನೊಬ್ಬ ಅವರಲ್ಲಿ ಒಬ್ಬನಿರಬಹುದು. ಲಾರಿಯನ್ನು ಉಳಿಸಲು ಕೊಟ್ಟಿಗೆ ಬೇಕು, ಹಣ ಬೇಕು, ಮಿಸ್ತ್ರಿ ಬೇಕು. ಅಜ್ಜನ ನೆನಪನ್ನು ಉಳಿಸಲು ಒಂದು ಸಂಜೆಯ ಬಿಡುವು ಸಾಕು. ಎರಡರಲ್ಲಿ ಯಾವುದು ಮೊದಲು ಕೈಜಾರುತ್ತದೆಂದು ಬೇರೆ ಹೇಳಬೇಕೇ?